ತಂಗಿಯ ಉಂಗುರ

ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿ, ತಖ್ತೆ ಬರೆದು, ಯಾವುದು ಗ್ರಾಹ್ಯವೆಂದು ಟಿಪ್ಪಣಿ ಹಾಕುವುದು ಸರಕಾರಿ ಕಾರಕೂನನಾದ ನನ್ನ ನಿತ್ಯದ ಉದ್ಯೋಗ. ಕುರ್ಚಿ, ಕಪಾಟು, ಕಾಗದ ಇವುಗಳ ವಿಷಯದಲ್ಲಿ ನನ್ನ ಟಿಪ್ಪಣಿ ಇದುವರೆಗೆ ತಿರುಗಿ ಬಂದದ್ದಿಲ್ಲ. ಆದರೆ 2024ರಲ್ಲಿ ಐರ್ಲೆಂಡಿನ ಗಾಲ್ವೇ ಊರಿನಿಂದ ನನ್ನ ತಂಗಿ ಮೂರು ಉಂಗುರಗಳ ಚಿತ್ರಗಳನ್ನು ಮೊಬೈಲಿಗೆ ಕಳಿಸಿ, "ಅಣ್ಣಾ, ಮದುವಿಗೆ ಯಾವುದು ತೊಗೊಳ್ಳಲಿ? ಅವ್ವನ್ನೂ ಕೇಳು" ಎಂದು ಬರೆದಾಗ ನಾನು ನಿಜವಾಗಿಯೂ ಕಕ್ಕಾಬಿಕ್ಕಿಯಾದೆ.

ತಂಗಿ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು, 2019ರಲ್ಲಿ ಹೋದವಳು. ವರ ಅದೇ ಊರಿನ ಶಾಲಾ ಮಾಸ್ತರ. ಈ ಮದುವೆಗೆ ಅವ್ವ ಹೂಂ ಎಂದಿರಲೂ ಇಲ್ಲ, ಉಹೂಂ ಎಂದಿರಲೂ ಇಲ್ಲ. ಅವಳು ಕೇಳಿದ್ದು ಒಂದೇ ಮಾತು: "ಆ ಹುಡುಗ ತಾಳಿ ಕಟ್ಟತಾನೇನು?" ರಜಿಸ್ಟರ್ ಮದುವೆ, ಉಂಗುರ ಮಾತ್ರ ಎಂದು ತಿಳಿದ ಮೇಲೆ ಅವಳು ಆ ಸುದ್ದಿಯನ್ನೇ ಎತ್ತಲಿಲ್ಲ. ಆದುದರಿಂದ ಈ ಮೂರು ಚಿತ್ರಗಳನ್ನು ಅವಳ ಮುಂದೆ ಹಿಡಿಯುವುದಕ್ಕೆ ನನಗೆ ಎರಡು ದಿನ ಧೈರ್ಯ ಬರಲಿಲ್ಲ.

ಮೂರನೆಯ ದಿನ ಸಂಜೆ, ಅವ್ವ ಮೆಂತ್ಯೆಯ ಸೊಪ್ಪು ಸೋಸುತ್ತ ಕುಳಿತಿದ್ದಾಗ ತೋರಿಸಿದೆ.

ಮೊದಲನೆಯದು ಸುತ್ತಲೂ ಹೆಣಿಗೆಯಿರುವ ಪಟ್ಟಿಯುಂಗುರ. ಒಂದೇ ಎಳೆ ಮೇಲೆ ಹಾಯ್ದು, ಕೆಳಗೆ ನುಸುಳಿ, ತನ್ನನ್ನೇ ತಾನು ಕೂಡಿಕೊಳ್ಳುತ್ತದೆ. ಸುಮಾರು ಕ್ರಿ. ಶ. 800ರಲ್ಲಿ ಕ್ರೈಸ್ತ ಸನ್ಯಾಸಿಗಳು ಬರೆದ 'ಬುಕ್ ಆಫ್ ಕೆಲ್ಸ್' ಎಂಬ ಚಿತ್ರಮಯ ಗ್ರಂಥದಲ್ಲಿ ಇಂಥ ಹೆಣಿಗೆ ತುಂಬಿದೆ; ಅದು ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಆದಿಯಿಲ್ಲ, ಅಂತ್ಯವಿಲ್ಲ, ಆದುದರಿಂದ ಇದು ಶಾಶ್ವತ ಪ್ರೇಮದ ಗುರುತೆಂದು ಅಂಗಡಿಯವರು ಹೇಳುತ್ತಾರೆ. ಆ ಸನ್ಯಾಸಿಗಳು ಹಾಗೆ ಎಲ್ಲಿಯೂ ಬರೆದಿಟ್ಟಿಲ್ಲ. ಸನ್ಯಾಸಿಗಳಿಗೇಕೆ ಬೇಕು ಮದುವೆಯ ಉಸಾಬರಿ!

ಅವ್ವ ಕನ್ನಡಕ ಏರಿಸಿ ನೋಡಿದಳು. "ಇದರಾಗ ಹೊಸಾದೇನದ? ನಮ್ಮ ಚುಕ್ಕಿ ರಂಗೋಲಿ. ಚುಕ್ಕಿ ಅಳಿಸ್ಯಾರ, ಅಷ್ಟ." ನೋಡಿದರೆ ನಿಜ, ಚುಕ್ಕಿಗಳನ್ನು ಸುತ್ತಿ ಬರುವ ನಮ್ಮ ಎಳೆಗೂ ಅದಕ್ಕೂ ಅಕ್ಕತಂಗಿಯರ ಹೋಲಿಕೆ. ಆದರೆ ಒಂದು ತೊಡಕು: ಸುತ್ತಲೂ ನಕ್ಕಿ ಕೆಲಸವಿರುವ ಉಂಗುರವನ್ನು ಕತ್ತರಿಸಿ ಹಿಗ್ಗಿಸಿದರೆ ಹೆಣಿಗೆ ಕೆಡುತ್ತದೆ. ಅವ್ವನ ಮದುವೆಯ ಉಂಗುರವನ್ನು ಎರಡು ಸಲ ಹಿಗ್ಗಿಸಿದ್ದೇವೆ. ಅವಳಿಗೆ ಅದು ಥಟ್ಟನೆ ಹೊಳೆಯಿತು.

ಎರಡನೆಯದರ ಮೇಲೆ ಇದ್ದುದು ಬರೀ ಗೀಟುಗಳು. ಅದು ಓಗಮ್ ಎಂಬ ಪ್ರಾಚೀನ ಲಿಪಿ. ನಮ್ಮ ಹಲ್ಮಿಡಿ ಶಾಸನದ ಕಾಲದ ಆಸುಪಾಸಿನಲ್ಲಿ ಐರ್ಲೆಂಡಿನವರು ನಿಲುಗಲ್ಲುಗಳ ಅಂಚಿನ ಮೇಲೆ ಹೀಗೆ ಗೀಟು ಕೊರೆದು ಸತ್ತವರ ಹೆಸರು, ಅವರ ತಂದೆಯ ಹೆಸರು ಬರೆಯುತ್ತಿದ್ದರು. ಈಗ ವಧೂವರರ ಹೆಸರುಗಳನ್ನು ಅದೇ ಲಿಪಿಯಲ್ಲಿ ಕೊರೆದುಕೊಡುತ್ತಾರೆ. ಬಿ.ಎ.ಗೆ ಇತಿಹಾಸ ಓದಿದ ನನಗೆ ಇದು ಬಹಳ ಹಿಡಿಸಿತು. ಅವ್ವ, "ಅಗಸರ ಗುರುತು ಕಂಡಂಗ ಕಾಣತದ" ಎಂದು ಸೊಪ್ಪಿನ ಕಡೆಗೆ ತಿರುಗಿದಳು.

ಮೂರನೆಯದು ಕ್ಲಾಡಾ ಉಂಗುರ. ಎರಡು ಕೈಗಳು ಸೇರಿ ಒಂದು ಹೃದಯವನ್ನು ಹಿಡಿದಿವೆ. ಹೃದಯದ ಮೇಲೊಂದು ಕಿರೀಟ. ಕೈಗಳು ಸ್ನೇಹಕ್ಕೆ, ಹೃದಯ ಪ್ರೇಮಕ್ಕೆ, ಕಿರೀಟ ನಿಷ್ಠೆಗೆ. ಕ್ಲಾಡಾ ಎಂಬುದು ಗಾಲ್ವೇ ಕೋಟೆಯ ಹೊರಗೆ, ಕಾರಿಬ್ ನದಿ ಕಡಲು ಸೇರುವಲ್ಲಿ ಇದ್ದ ಬೆಸ್ತರ ಹಳ್ಳಿ. ಅಲ್ಲಿಯ ಹುಲ್ಲುಮನೆಗಳನ್ನು 1930ರ ದಶಕದಲ್ಲಿ ಕೆಡವಿ ಹೊಸ ಮನೆ ಕಟ್ಟಿದರು. ಹಳೆಯ ಹಳ್ಳಿ ಹೋಯಿತು, ಉಂಗುರ ಉಳಿಯಿತು. ಇದನ್ನು ಇಡುವುದಕ್ಕೂ ಕ್ರಮವಿದೆ: ಬಲಗೈಯಲ್ಲಿ ಹೃದಯದ ತುದಿ ಹೊರಮುಖವಾಗಿದ್ದರೆ ಇನ್ನೂ ಯಾರಿಗೂ ಮನಸ್ಸು ಕೊಟ್ಟಿಲ್ಲ, ಒಳಮುಖವಾಗಿದ್ದರೆ ಕೊಟ್ಟಾಗಿದೆ, ಎಡಗೈಯಲ್ಲಿ ಹೊರಮುಖವಾದರೆ ನಿಶ್ಚಿತಾರ್ಥ, ಅದೇ ಕೈಯಲ್ಲಿ ಒಳಮುಖವಾದರೆ ಮದುವೆ. ನಮ್ಮ ಕಾಲುಂಗುರವೂ ಇಷ್ಟು ವಿವರವಾಗಿ ವರದಿ ಒಪ್ಪಿಸುವುದಿಲ್ಲ.

ಇದರ ಹಿಂದೊಂದು ಕತೆಯಿದೆ. ಅವ್ವ ಕೇಳಲೆಂದು ನಾನು ಅದನ್ನು ಸಾವಕಾಶವಾಗಿ ಹೇಳಿದೆ. 1675ರ ಸುಮಾರಿಗೆ ಗಾಲ್ವೇಯ ರಿಚರ್ಡ್ ಜಾಯ್ಸ್ ಎಂಬ ತರುಣ ಹಡಗಿನಲ್ಲಿ ಹೋಗುತ್ತಿದ್ದಾಗ ಕಡಲುಗಳ್ಳರ ಕೈಗೆ ಸಿಕ್ಕು, ಆಲ್ಜಿಯರ್ಸಿನಲ್ಲಿ ಒಬ್ಬ ಅಕ್ಕಸಾಲಿಗೆ ಗುಲಾಮನಾಗಿ ಮಾರಲ್ಪಟ್ಟ. ಅಲ್ಲಿಯೇ ಬಂಗಾರದ ಕೆಲಸ ಕಲಿತ. 1689ರಲ್ಲಿ ಇಂಗ್ಲೆಂಡಿನ ಅರಸ ಮೂರನೆಯ ವಿಲಿಯಮ್ಮನ ಒತ್ತಾಯದಿಂದ ಬಿಡುಗಡೆಯಾಯಿತು. ಒಡೆಯನು ಮಗಳನ್ನೂ ಅರ್ಧ ಆಸ್ತಿಯನ್ನೂ ಕೊಡುತ್ತೇನೆ, ಇಲ್ಲಿಯೇ ಇರು ಎಂದನಂತೆ. ಜಾಯ್ಸ್ ಒಲ್ಲೆನೆಂದು ಊರಿಗೆ ಬಂದ. ಕಾಯ್ದಿದ್ದ ಹುಡುಗಿಗೆ ಈ ಉಂಗುರ ತೊಡಿಸಿದ. ಇದರಲ್ಲಿ ಕತೆ ಎಷ್ಟೋ, ದಿಟ ಎಷ್ಟೋ. ಆದರೆ ಜಾಯ್ಸನೆಂಬ ಅಕ್ಕಸಾಲಿ ಇದ್ದದ್ದು ದಿಟ; 1700ರ ಆಸುಪಾಸಿನ, ಅವನ ಮುದ್ರೆಯಿರುವ ಉಂಗುರಗಳು ಉಳಿದಿವೆ.

ಅವ್ವನ ಕೈ ಸೊಪ್ಪಿನ ಮೇಲೆಯೇ ನಿಂತಿತ್ತು.

"ಅಂವ ತಿರುಗಿ ಬಂದ, ಹೌದಲ್ಲೋ?"

"ಹೌದವ್ವಾ."

"ಹದಿನಾಕು ವರ್ಷಕ್ಕ."

ನನಗೆ ಮುಂದೆ ಮಾತು ತೋಚಲಿಲ್ಲ. ಧಾರವಾಡದಿಂದ ಪುಣೆಗೆ ಮದುಮಗಳಾಗಿ ಬಂದಾಗ ಅವ್ವನಿಗೂ ಅಪ್ಪ, "ಎರಡು ವರ್ಷದಾಗ ಬದಲಿ ಆಗತದ" ಎಂದಿದ್ದರಂತೆ. ಬದಲಿ ಆಗಲೇ ಇಲ್ಲ. 1845ರ ನಂತರದ ಬರಗಾಲದಲ್ಲಿ ಹತ್ತು ಲಕ್ಷ ಜನ ಐರ್ಲೆಂಡ್ ಬಿಟ್ಟುಹೋದರು. ಅವರ ಮರಿಮಕ್ಕಳು ಇಂದು ಅಮೇರಿಕೆಯಲ್ಲಿ, ಆಸ್ಟ್ರೇಲಿಯದಲ್ಲಿ ಇದೇ ಉಂಗುರ ಇಟ್ಟುಕೊಳ್ಳುತ್ತಾರೆ. ಇದನ್ನು ಅವ್ವನಿಗೆ ಹೇಳಬೇಕೆಂದಿದ್ದೆ; ಹೇಳಲಿಲ್ಲ. ಅದರ ಬದಲು, ಆ ನಾಡಿನಲ್ಲಿ ಈ ಉಂಗುರ ತಾಯಿಯಿಂದ ಮಗಳಿಗೆ ಬರುವ ರೂಢಿಯೂ ಉಂಟೆಂದು ಹೇಳಿದೆ. ಅವ್ವ ಏನೂ ಅನ್ನದೆ ಒಳಗೆ ಹೋದಳು.

ಮರುದಿನ ಅವಳೇ ವಿಚಾರಣೆ ಆರಂಭಿಸಿದಳು. ಬಂಗಾರ ಎಷ್ಟು ಕ್ಯಾರಟ್ಟಿನದು? ಹದಿನಾಲ್ಕು ಎಂದೆ. ಅಲ್ಲಿಯ ಅಂಗಡಿಗಳಲ್ಲಿ 9, 14, 18 ಇವೇ ಹೆಚ್ಚು. 24ರಲ್ಲಿ 14 ಪಾಲು ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ. ನಮ್ಮ 22 ಕ್ಯಾರಟ್ಟಿನದು ಮೆತ್ತಗೆ, ದಿನವೂ ಇಟ್ಟುಕೊಂಡರೆ ಕಿರೀಟದ ಮೊನೆಗಳು ಸವೆಯುತ್ತವೆ ಎಂದು ವಾದಿಸಿದೆ. "ತಾಮ್ರದ ಕಿರೀಟ ಗಟ್ಟಿ ಇರತದ, ಬಿಡು" ಎಂದಳು.

ಆ ರಾತ್ರಿ ತಂಗಿ ಫೋನಿನಲ್ಲಿ ಹೊಸದೊಂದು ಸಂಗತಿ ತೆಗೆದಳು. ರೋಗಿಗಳಿಗೆ ಸೋಂಕು ತಗಲಬಾರದೆಂದು ಅವರ ಆಸ್ಪತ್ರೆಯಲ್ಲಿ ನರ್ಸುಗಳು ಕೆಲಸದ ವೇಳೆ ಉಂಗುರ ಇಡುವಂತಿಲ್ಲ. ನಕ್ಕಿಯಿಲ್ಲದ ಸಾದಾ ಉಂಗುರವೊಂದಕ್ಕೆ ಮಾತ್ರ ವಿನಾಯಿತಿ. ಅಂದರೆ ನನ್ನ ತಖ್ತೆಯ ಮೂರೂ ದರಪಟ್ಟಿಗಳು ತಿರಸ್ಕೃತ! ತಂಗಿಗೆ ಅದರ ಚಿಂತೆಯಿರಲಿಲ್ಲ. "ಡ್ಯೂಟಿಗೆ ಹೋಗೋವಾಗ ತೆಗೆದಿಡತೀನಿ" ಎಂದಳು.

ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು. ಎಷ್ಟೋ ತಿಂಗಳ ಮೇಲೆ ಮಗಳೊಡನೆ ಮದುವೆಯ ಮಾತು ಆಡಿದ್ದು ಅದೇ ಮೊದಲು. "ಮದುವಿ ಉಂಗುರ ದಿನಾ ತೆಗೆದಿಡೋದೇನ? ಸರದಾಗ ಪೋಣಿಸಿ ಕೊರಳಾಗ ಹಾಕ್ಕೋ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ತಂಗಿ, ಉಡುಪಿನ ಒಳಗಿದ್ದರೆ ತಮ್ಮಲ್ಲಿ ಅಡ್ಡಿಯಿಲ್ಲವೆಂದಳು.

ಹೀಗೆ ಕ್ಲಾಡಾ ಗೊತ್ತಾಯಿತು. ಅವ್ವ ತನ್ನ ಪಾಟಲಿಗಳಲ್ಲಿ ಒಂದನ್ನು ನನ್ನ ಕೈಗಿಟ್ಟಳು; ಲಕ್ಷ್ಮೀ ರಸ್ತೆಯಲ್ಲಿ ಅದನ್ನು ಮಾರಿ ಹಣ ಕಳಿಸಿದೆ. ವರನಿಗೆ ಹೆಣಿಗೆಯ ಪಟ್ಟಿ. "ಅವನ ಬೆರಳು ಉಬ್ಬಿದರ?" ಎಂದು ಕೇಳಿದ್ದಕ್ಕೆ, "ಯಾಕುಬ್ಬತದ? ಅಳಿಯಂದಿರೇನು ಭಾಂಡೆ ತಿಕ್ಕತಾರೇನು?" ಎಂದಳು. ಹುಡುಗ ಅಳಿಯನಾದದ್ದನ್ನು ನಾನು ಗಮನಿಸಿದೆ, ತೋರಗೊಡಲಿಲ್ಲ.

ಮದುವೆಯಾದ ವಾರಕ್ಕೆ ತಂಗಿ ಆಸ್ಪತ್ರೆಗೆ ಹೊರಟಾಗಿನ ಚಿತ್ರ ಕಳಿಸಿದಳು. ನೀಲಿ ಉಡುಪಿನ ಕೊರಳಪಟ್ಟಿಯ ಹೊರಗೆ, ನಮಗೆ ಕಾಣಲೆಂದು, ಸರವನ್ನು ಎಳೆದು ಹಿಡಿದಿದ್ದಳು. ಅದರ ತುದಿಗೆ ಎರಡು ಪುಟ್ಟ ಕೈ, ಒಂದು ಹೃದಯ, ಕಿರೀಟ. ಅವ್ವ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದಳು.

"ಸರ ಭಾಳ ತೆಳ್ಳಗದ" ಎಂದಳು. "ಕೊಂಡಿ ಗಟ್ಟಿ ಅದನೋ ಇಲ್ಲೋ, ಕೇಳು."