ಹಾಡಿನ ತಲೆಬರಹ

ನಮ್ಮ ಹಳೆಯ ಹಾಡುಗಳಲ್ಲಿ ಬಹುಪಾಲಿಗೆ ಹುಟ್ಟಿದಾಗ ಹೆಸರೇ ಇರಲಿಲ್ಲ. ದಾಸರು ಕೊನೆಯಲ್ಲಿ ಅಂಕಿತ ಇಟ್ಟರು, ಶರಣರೂ ಇಟ್ಟರು. ತಲೆಬರಹವನ್ನು ಯಾರೂ ಇಡಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಪಲ್ಲವಿ ಎತ್ತಿಕೊಂಡರೆ ಕೂತವರಿಗೆಲ್ಲ ಯಾವ ಹಾಡೆಂದು ಗೊತ್ತಾಗುತ್ತಿತ್ತು. ಹೆಸರಿನ ಗರಜು ಬಿದ್ದದ್ದು ಹಾಡು ತಟ್ಟೆಯ ಮೇಲೆ ಕೂತ ಮೇಲೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ, ಹಾಡು ಮುಗಿದದ್ದೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಲೇಬಲ್ ಮೇಲೆ ಯಾರ ಹೆಸರು ಹಾಕಬೇಕೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲ! ಹಾಡಿಗೆ ಚೀಟಿ ಅಂಟಿಸುವ ಕೆಲಸ ಎಷ್ಟು ಮುಖ್ಯವೆಂಬುದು ಆ ಕಲಾವಿದೆಗೆ ಆಗಲೇ ಗೊತ್ತಿತ್ತು.

ನನ್ನ ಸಂಗ್ರಹದ ಹಾಡುಗಳನ್ನು ಒಂದು ಓರಣಕ್ಕೆ ತರಲು ಕೂತಾಗ ನಾನು ಮೊದಲು ಹುಡುಕಿದ್ದು ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು. ಇಂಗ್ಲಿಷ್ ಅಕ್ಷರಗಳಲ್ಲಿ ಅದು ನಾನಾ ವೇಷ ತೊಟ್ಟಿತ್ತು. ಲಕ್ಷ್ಮಿಗೆ ಒಬ್ಬರು ‘ಕೆ ಎಸ್ ಎಚ್’ ಹಾಕಿದ್ದರೆ ಇನ್ನೊಬ್ಬರು ‘ಎಕ್ಸ್’ ಹಾಕಿದ್ದರು. ‘ಬಾರಮ್ಮ’ದಲ್ಲಿ ಕೆಲವರಿಗೆ ಒಂದು ‘ಎ’ ಸಾಕು, ಕೆಲವರಿಗೆ ಎರಡು ಬೇಕು. ಒಂದೇ ಹಾಡು ಪಟ್ಟಿಯ ಉದ್ದಕ್ಕೂ ಚದುರಿಹೋಗಿತ್ತು.

ಇದನ್ನು ಬರೀ ಉದಾಸೀನವೆಂದು ತಳ್ಳಿಹಾಕುವಂತಿಲ್ಲ. ಎಂಪಿ3 ಕಡತದ ಬಾಲಕ್ಕೆ ಹಾಡಿನ ವಿವರ ಸೇರಿಸುವ ಐಡಿ3 ಪದ್ಧತಿ 1996ರಲ್ಲಿ ಬಂತು. ಅದರಲ್ಲಿ ತಲೆಬರಹಕ್ಕೆ ಮೀಸಲಾದ ಜಾಗ ಬರೀ 30 ಬೈಟ್. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಅಕ್ಷರಕ್ಕೆ, ಒಂದು ಕಾಗುಣಿತದ ಗುರುತಿಗೆ, ಒಂದು ಒತ್ತಿನ ಕೊಂಡಿಗೆ ತಲಾ ಮೂರು ಬೈಟ್ ಬೇಕು. ದಾಸರ ಹಾಡನ್ನು ಆ ಜಾಗಕ್ಕೆ ಇಳಿಸಿ ನೋಡಿ: ‘ಭಾಗ್ಯದ ಲಕ್’ ಎನ್ನುವಷ್ಟರಲ್ಲಿ ಜಾಗ ಮುಗಿಯುತ್ತದೆ, ಲಕ್ಷ್ಮಿ ಹೊಸ್ತಿಲಲ್ಲೇ ನಿಲ್ಲುತ್ತಾಳೆ. ಮುಂದಿನ ಆವೃತ್ತಿಗಳಲ್ಲಿ ಜಾಗ ವಿಶಾಲವಾಯಿತು, ಕನ್ನಡ ಲಿಪಿಗೂ ಎಡೆ ಸಿಕ್ಕಿತು. ಆದರೆ ಇಂಗ್ಲಿಷ್ ಅಕ್ಷರದ ರೂಢಿ ಬೇರುಬಿಟ್ಟಾಗಿತ್ತು. ಈಗ ಅದನ್ನು ಮುಂದುವರಿಸಲು ಯಾವ ಕಾರಣವೂ ಉಳಿದಿಲ್ಲ. ಕನ್ನಡ ಹಾಡಿನ ತಲೆಬರಹ ಕನ್ನಡದಲ್ಲೇ ಇರಬೇಕು, ಉಳಿದ ಲಿಪಿಗಳು ಅದರ ಹಿಂದೆ ಬರಲಿ.

ಕನ್ನಡದಲ್ಲಿ ಬರೆದರೆ ಎಲ್ಲ ಸರಿಹೋಯಿತೆಂದೂ ಅಲ್ಲ. ಕಣ್ಣಿಗೆ ಕಾಣದ ತೊಡಕುಗಳು ಇಲ್ಲಿವೆ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವವರು ಬಹಳ ಮಂದಿ. ‘ಸಂಗೀತ’, ‘ಸ೦ಗೀತ’ ಎರಡೂ ಓದುವವರಿಗೆ ಒಂದೇ; ಕಂಪ್ಯೂಟರಿಗೆ ಎರಡನೆಯದು ನಡುವೆ ಅಂಕಿ ತೂರಿಸಿದ ಬೇರೆಯೇ ಪದ. ‘ರಾಜ್‌ಕುಮಾರ್’ ಎಂದು ಜಕಾರವನ್ನೂ ಕಕಾರವನ್ನೂ ಬಿಡಿಸಿ ಬರೆಯಲು ನಡುವೆ ಕಾಣದ ಚಿಹ್ನೆಯೊಂದನ್ನು ಇಡುತ್ತೇವೆ. ಅದನ್ನು ಬಿಟ್ಟರೆ ಕಕಾರ ಜಕಾರದ ಕೆಳಗೆ ಒತ್ತಾಗಿ ಸರಿಯುತ್ತದೆ. ಯಾವುದಾದರೂ ಒಂದನ್ನು ಹಿಡಿದು ಪಟ್ಟಿಯಿಡೀ ಹಾಗೇ ಬರೆಯಬೇಕು. ಬೇಸರ ತರಿಸುವ ಕೆಲಸ ನಿಜ. ಆದರೆ ಸೊನ್ನೆ ತೆಗೆದು ಅನುಸ್ವಾರ ಇಟ್ಟ ಕ್ಷಣದಲ್ಲಿ, ಎಲ್ಲೋ ಕಳೆದುಹೋಗಿದ್ದ ಹಾಡು ತನ್ನ ಸಾಲಿಗೆ ಬಂದು ನಿಲ್ಲುವುದನ್ನು ನೋಡುವ ಸುಖ ನನಗೆ ಚಿಕ್ಕದಲ್ಲ.

ತಲೆಬರಹದಲ್ಲಿ ಏನಿರಬಾರದು ಎಂಬುದೂ ಅಷ್ಟೇ ಮುಖ್ಯ. ಸಿನಿಮಾದ ಹೆಸರು, ‘ಸೂಪರ್ ಹಿಟ್’, ಗಾಯಕರ ಬಿರುದು ಇವೆಲ್ಲ ಅಲ್ಲಿಂದ ಏಳಬೇಕು. ರಾಗವೂ ಅಷ್ಟೆ. ದಾಸರು ಹಾಡಿದ ಮೂಲ ಧಾಟಿಗಳು ನಮಗೆ ಹೆಚ್ಚಾಗಿ ಉಳಿದುಬಂದಿಲ್ಲ. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಹಾಗಾಗಿ ರಾಗ ಸೇರಬೇಕಾದದ್ದು ಧ್ವನಿಮುದ್ರಣದ ವಿವರಕ್ಕೆ. ಭೀಮಸೇನ ಜೋಶಿಯವರ ಲಕ್ಷ್ಮಿಯೂ ಮಧ್ಯಮಾವತಿಯಲ್ಲಿ ಹಾಡಿದ ಲಕ್ಷ್ಮಿಯೂ ಒಂದೇ ತಲೆಬರಹದಡಿ ಕೂತರೆ, ದಾಸರ ಒಂದು ಪದ ಎಷ್ಟು ಕಂಠಗಳಲ್ಲಿ ಬಾಳಿತೆಂಬುದು ಕಣ್ಣಿಗೆ ಕಟ್ಟುತ್ತದೆ.

ಭಾವಗೀತೆಗಳಿಗೆ ಬಂದರೆ ಸಮಸ್ಯೆ ತಿರುಗಿ ನಿಲ್ಲುತ್ತದೆ. ಇಲ್ಲಿ ಕವಿ ಹೆಸರಿಟ್ಟಿದ್ದಾರೆ, ಜನ ಅದನ್ನು ಮರೆತಿದ್ದಾರೆ. ‘ಇಳಿದು ಬಾ ತಾಯಿ’ ಎಂದರೆ ಎಲ್ಲರಿಗೂ ಗೊತ್ತು. ಬೇಂದ್ರೆ ಅದಕ್ಕಿಟ್ಟ ಹೆಸರು ‘ಗಂಗಾವತರಣ’. ನಿಸಾರ್ ಅಹಮದರ ‘ನಿತ್ಯೋತ್ಸವ’ದ ಕತೆ ಬೇರೆ. 1978ರಲ್ಲಿ ಅದೇ ಹೆಸರಿನ ಧ್ವನಿಸುರುಳಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಮನೆಮನೆ ತಲುಪಿದ್ದರಿಂದ ಕವಿ ಇಟ್ಟ ಹೆಸರೇ ಜನರ ಬಾಯಲ್ಲಿ ನಿಂತಿತು. ನಾನು ಕವಿ ಕೊಟ್ಟ ಹೆಸರನ್ನು ಮೊದಲು ಬರೆದು, ಜನರ ಬಾಯಲ್ಲಿರುವುದನ್ನು ಪಕ್ಕದ ಅಂಕಣದಲ್ಲಿ ಇಡುತ್ತೇನೆ. ಜನ ಕರೆಯುವ ಹೆಸರೇ ಮುಂದಿರಲಿ ಎನ್ನುವ ಗೆಳೆಯರಿದ್ದಾರೆ. ಅವರ ವಾದದಲ್ಲಿ ಹುರುಳಿದ್ದರೂ ನನಗೆ ಒಪ್ಪಿಗೆಯಿಲ್ಲ. ಹಾಡಿದವರ ಹೆಸರು ದೊಡ್ಡದಾಗಿ, ಬರೆದವರ ಹೆಸರೇ ಕಾಣದಾಗಿರುವ ಪಟ್ಟಿಗಳನ್ನು ಬೇಕಾದಷ್ಟು ನೋಡಿದ್ದೇವೆ. ಕವಿ ಇಟ್ಟ ತಲೆಬರಹವಾದರೂ ಉಳಿಯಲಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಶಿಸ್ತು ಕೈ ಹಿಂದೆಗೆಯುತ್ತದೆ. ಶಿಶುನಾಳ ಷರೀಫರ ಹಾಡು ‘ಕೋಡಗನ ಕೋಳಿ ನುಂಗಿತ್ತ’. ಏಕರೂಪ ತರುವ ಉತ್ಸಾಹದಲ್ಲಿ ಯಾರೋ ‘ನುಂಗಿತ್ತು’ ಎಂದು ತಿದ್ದಿದ್ದನ್ನು ನೋಡಿ ಸಂಕಟವಾಯಿತು. ಆ ಕೊನೆಯ ಅಕಾರದಲ್ಲಿ ಧಾರವಾಡ ಸೀಮೆಯ ಮಾತಿದೆ. ಅದು ಹೋದರೆ ಹಾಡಿನ ನಡೆಯೇ ಹೋಯಿತು. ಬೇಂದ್ರೆಯವರಿಗೆ 1973ರ ಜ್ಞಾನಪೀಠ ತಂದದ್ದು ‘ನಾಕು ತಂತಿ’. ಅದನ್ನು ‘ನಾಲ್ಕು’ ಮಾಡುವ ಹಕ್ಕು ಯಾವ ಪಟ್ಟಿಕಾರನಿಗೂ ಇಲ್ಲ. ಅನುಸ್ವಾರ, ಪದಗಳ ನಡುವಿನ ಬಿಡುವು, ಅಂಕಣಗಳ ಕ್ರಮ ಇವು ನಮ್ಮ ಕೆಲಸ; ಕವಿಯ ನಾಲಿಗೆಯನ್ನು ತಿದ್ದುವುದಲ್ಲ. ‘ನಾಲ್ಕು’ ಎಂದು ಹುಡುಕುವವರು ಬರಿಗೈಲಿ ಹೋಗಬಾರದೆಂದು ಆ ರೂಪವನ್ನೂ ಪಕ್ಕದ ಅಂಕಣದಲ್ಲಿ ಬರೆದಿಡುತ್ತೇನೆ. ತಲೆಬರಹದಲ್ಲಿ ಮಾತ್ರ ‘ನಾಕು’.