ಹಳೆಯ ಯಂತ್ರ, ಮಿತವಾದ ಹಣ

ತೊರವಿಯ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಗಣಕಯಂತ್ರವಿದೆ. ನಾವು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದಾಗ, 2012ರಲ್ಲಿ ಕೊಂಡದ್ದು. ಮಠದ ಪ್ರಸಾದನಿಲಯದಲ್ಲಿ ಉಂಡು, ಪಾಟಿಯ ಮೇಲೆ ಅಕ್ಷರ ತಿದ್ದಿ ಬೆಳೆದ ನಮಗೆ ಆ ಯಂತ್ರ ಮೊದಮೊದಲು ಅಂಜಿಕೆ ಹುಟ್ಟಿಸಿತ್ತು. ಬರಬರುತ್ತ ಕೈಗೆ ಹೊಂದಿಕೊಂಡಿತು. ಆದರೆ 2024ರ ಶಿವರಾತ್ರಿಯ ವೇಳೆಗೆ ಅದರ ಸ್ಥಿತಿ ಹೇಗಾಗಿತ್ತೆಂದರೆ, ಮುಂಜಾನೆ ಗುಂಡಿ ಒತ್ತಿ ಸ್ನಾನ-ಪೂಜೆಗಳನ್ನು ಮುಗಿಸಿ ಬಂದರೂ ಅದು ಪೂರ್ಣ ಎಚ್ಚರಗೊಂಡಿರುತ್ತಿರಲಿಲ್ಲ.

ಬೇರೆ ಕಾಲವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆವು. ಆದರೆ ಆಗ ಕೈಯಲ್ಲಿ ಒಂದು ಕೆಲಸವಿತ್ತು, ಅದಕ್ಕೆ ಅವಧಿಯೂ ಇತ್ತು. ಮಠದಲ್ಲಿ ನಮ್ಮ ಜೊತೆಗೆ ಓದಿದ ಸಹಪಾಠಿಯೊಬ್ಬರು ತಿಕೋಟಾದಲ್ಲಿದ್ದಾರೆ. ಅವರಿಗೆ ಗ್ಲಾಕೋಮಾ. ಈ ರೋಗದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಉಳಿದುದನ್ನು ಕಾಯ್ದುಕೊಳ್ಳುವುದಷ್ಟೇ ಚಿಕಿತ್ಸೆ. ಬಹಳ ದೊಡ್ಡ ಅಕ್ಷರಗಳನ್ನು ಮಾತ್ರ ಅವರು ಓದಬಲ್ಲವರಾಗಿದ್ದರು. ನಮ್ಮ ಗುರುಗಳು ಬರೆದ ನಾಲ್ಕು ಚಿಕ್ಕ ಪುಸ್ತಕಗಳನ್ನು ಇನ್ನೊಮ್ಮೆ ತಾವೇ ಓದಬೇಕೆಂಬುದು ಅವರ ಆಸೆ. ಓದಿ ಹೇಳುವವರು ಮನೆಯಲ್ಲಿ ಇದ್ದರು. ಆದರೆ ಅವರಿಗೆ ಬೇಕಾದದ್ದು ಅದಲ್ಲ.

ಪುಸ್ತಕಗಳು ಸೀಸದ ಮೊಳೆಗಳಿಂದ ಅಚ್ಚಾದವು. 1925ರಲ್ಲಿ ಫ. ಗು. ಹಳಕಟ್ಟಿಯವರು ಹಿತಚಿಂತಕ ಮುದ್ರಣಾಲಯವನ್ನು ತೆರೆದ ಜಿಲ್ಲೆ ನಮ್ಮದು. ಒಂದೊಂದೇ ಮೊಳೆ ಜೋಡಿಸಿ ಪುಟ ಕಟ್ಟುವ ಶ್ರಮ ಎಂಥದೆಂಬುದನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ಸುಮಾರು ಆರುನೂರು ಪುಟಗಳನ್ನು ನಾವು ಮತ್ತೆ ಬೆರಳಚ್ಚು ಮಾಡುವುದೆಂದರೆ ವರ್ಷವೇ ಬೇಕು. ಪುಟದ ಚಿತ್ರವನ್ನು ನೋಡಿ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶವೊಂದಿದೆ. ಅದು ಕನ್ನಡವನ್ನೂ ಓದುತ್ತದೆ. ನಮ್ಮ ಯಂತ್ರದಲ್ಲಿ ಅದು ಹತ್ತು ಪುಟಗಳಿಗೆ ಎಂಟು ನಿಮಿಷ ತೆಗೆದುಕೊಳ್ಳುತ್ತಿತ್ತು. ಆ ಎಂಟು ನಿಮಿಷ ಬೇರೇನನ್ನೂ ಮಾಡಗೊಡುತ್ತಿರಲಿಲ್ಲ. ಎಷ್ಟೋ ಸಲ ನಡುವೆಯೇ ನಿಂತುಬಿಡುತ್ತಿತ್ತು.

ಅಂಗಡಿಗೆ ಒಯ್ದೆವು. ಅಲ್ಲಿಯವರು ಮುಚ್ಚಳವನ್ನೂ ತೆಗೆಯದೆ, "ಇದು ಗುಜರಿ ಮಾಲ್ರಿ ಸರ, ಹೊಸಾದು ತಗೋರಿ" ಎಂದು ರೂ. 38,000ದ ಲೆಕ್ಕ ಬರೆದುಕೊಟ್ಟರು. ನಮ್ಮಲ್ಲಿ ಅಷ್ಟು ಹಣವೇನೋ ಇತ್ತು. ಆದರೆ ಅದು ಬಿ.ಸಿ.ಎ. ಓದುತ್ತಿರುವ ಮೊಮ್ಮಗಳ ಮುಂದಿನ ವರ್ಷದ ಶುಲ್ಕಕ್ಕೆಂದು ತೆಗೆದಿಟ್ಟದ್ದು. ಆ ರಾತ್ರಿ ನಾವು ಶುಲ್ಕದ ಹಣದಲ್ಲಿ ಕೈಹಾಕುವ ವಿಚಾರ ಮಾಡಿದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಗುರುಋಣದ ಹೆಸರಿನಲ್ಲಿ ಮಗುವಿನ ಪಾಲನ್ನು ತೆಗೆಯುವುದು ಎಷ್ಟು ಸುಲಭವಾಗಿ ಮನಸ್ಸಿಗೆ ಒಪ್ಪಿಗೆಯಾಗುತ್ತದೆ!

ನಮ್ಮನ್ನು ತಡೆದವಳು ಅವಳೇ. "ಅಜ್ಜಾ, ಹೊಸಾದು ಬ್ಯಾಡ್ರಿ. ಮದ್ಲ ಎಲ್ಲಿ ತಡಾ ಆಗಾಕತ್ತೈತಿ ನೋಡೂಣ್ರಿ" ಎಂದಳು. ಯಂತ್ರದ ಯಾವ ಅವಯವ ಎಷ್ಟು ದುಡಿಯುತ್ತಿದೆಯೆಂದು ತೋರಿಸುವ ಫಲಕವನ್ನು ತೆರೆದು ನಮ್ಮನ್ನು ಪಕ್ಕದಲ್ಲಿ ಕೂಡಿಸಿಕೊಂಡಳು. ಯಂತ್ರ ಆರಂಭವಾಗುವಾಗ, ಕಡತಗಳನ್ನು ತೆರೆಯುವಾಗ ಪ್ರೊಸೆಸರ್ ಬಹುಮಟ್ಟಿಗೆ ಸುಮ್ಮನೆ ಕುಳಿತಿತ್ತು. ಹಾರ್ಡ್ ಡಿಸ್ಕ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿತ್ತು. ಅಕ್ಷರ ಗುರುತಿಸುವ ಕೆಲಸ ಕೊಟ್ಟಾಗ ಮಾತ್ರ ಪ್ರೊಸೆಸರ್ ನೂರಕ್ಕೆ ಮುಟ್ಟಿತು. ನಾವು ಒಂದೇ ರೋಗವೆಂದು ತಿಳಿದದ್ದು ಎರಡಾಗಿತ್ತು. ಪ್ರೊಸೆಸರ್ ಒಂದನ್ನೇ ಬದಲಿಸಿದ್ದರೆ ಮುಂಜಾನೆಯ ತಡ ಹಾಗೆಯೇ ಉಳಿಯುತ್ತಿತ್ತು.

ಆದ್ದರಿಂದ ಮೊದಲು 240 ಜಿಬಿಯ ಎಸ್‌ಎಸ್‌ಡಿ, ಅನಂತರ 2 ಜಿಬಿ ರ‍್ಯಾಮಿನ ಬದಲು 4 ಜಿಬಿಯ ಎರಡು ಪಟ್ಟಿಗಳು. ಇಷ್ಟಕ್ಕೇ ಯಂತ್ರ ಒಂದು ನಿಮಿಷದೊಳಗೆ ಎಚ್ಚರಗೊಳ್ಳತೊಡಗಿತು. ಮನೆಯ ಲೆಕ್ಕ-ಪತ್ರ, ಬರವಣಿಗೆಗಳಷ್ಟೇ ಕೆಲಸವಿರುವವರು ಇಲ್ಲಿಗೇ ನಿಲ್ಲಬಹುದು. ಪ್ರೊಸೆಸರಿನ ಗೊಡವೆಗೆ ಹೋಗಬೇಕಾದುದೇ ಇಲ್ಲ. ನಮ್ಮ ಕೆಲಸಕ್ಕೆ ಅದೂ ಬೇಕಿತ್ತು.

ಯಾವ ಬೋರ್ಡಿಗೆ ಯಾವ ಪ್ರೊಸೆಸರ್ ಕೂಡುತ್ತದೆಂಬುದು ನಮ್ಮ ಇಚ್ಛೆಯಲ್ಲ, ಬೋರ್ಡಿನ ಸಾಕೆಟ್ಟಿನ ನಿಯಮ. ನಮ್ಮದು ಎಚ್61 ಬೋರ್ಡು, ಎಲ್‌ಜಿಎ 1155 ಎಂಬ ಸಾಕೆಟ್ಟು. ಆ ಸಂಖ್ಯೆ ಅದರಲ್ಲಿರುವ ಪಿನ್ನುಗಳ ಲೆಕ್ಕ. ಅದರಲ್ಲಿ ಕುಳಿತಿದ್ದುದು ಪೆಂಟಿಯಂ ಜಿ620, ಎರಡು ಕೋರುಗಳದು. ನಾಲ್ಕು ಕೋರುಗಳ ಎರಡು ಆಯ್ಕೆಗಳು ಬಳಸಿದ ಮಾಲಿನಲ್ಲಿ ಸಿಗುತ್ತಿದ್ದವು. 2011ರ ಐ5-2400 ಆದರೆ ಹಾಕಿದೊಡನೆ ನಡೆಯುತ್ತದೆ. ಆದರೆ ಅದರ ಉಷ್ಣದ ಲೆಕ್ಕ 95 ವ್ಯಾಟ್. 2012ರ ಐ5-3470 ಇನ್ನೂ ಸೂಕ್ಷ್ಮವಾದ ತಯಾರಿಕೆಯದು, 77 ವ್ಯಾಟ್. ಆದರೆ ಅದಕ್ಕೆ ಹಳೆಯ ಬೋರ್ಡಿನ ಬಯೋಸನ್ನು ಹೊಸದಾಗಿಸಬೇಕು. ಬಯೋಸ್ ಎಂದರೆ ಯಂತ್ರ ಏಳುವಾಗ ತನ್ನ ಅವಯವಗಳನ್ನು ಗುರುತಿಸಲು ಬೋರ್ಡು ಓದಿಕೊಳ್ಳುವ ಮೊದಲ ಪಾಠ. ಹೊಸ ಪ್ರೊಸೆಸರಿನ ಹೆಸರು ಆ ಪಾಠದಲ್ಲಿ ಇಲ್ಲದಿದ್ದರೆ ಯಂತ್ರ ಏಳುವುದೇ ಇಲ್ಲ. ಆದ್ದರಿಂದ ಹಳೆಯ ಪ್ರೊಸೆಸರ್ ಇನ್ನೂ ಕುಳಿತಿರುವಾಗಲೇ ಪಾಠವನ್ನು ಬದಲಿಸಬೇಕು. ಬದಲಿಸುವ ನಡುವೆ ವಿದ್ಯುತ್ ಹೋದರೆ ಬೋರ್ಡೇ ಕೆಡಬಹುದು.

ವಿಜಯಪುರದ ಬೇಸಿಗೆ ನಲವತ್ತು ಡಿಗ್ರಿ ದಾಟುವಂಥದು. ಉಷ್ಣ ಕಡಿಮೆಯಿರುವುದನ್ನೇ ಆರಿಸಿದೆವು. ತಯಾರಕರ ಪಟ್ಟಿಯಲ್ಲಿ ನಮ್ಮ ಬೋರ್ಡಿನ ಹೆಸರಿನ ಮುಂದೆ ಆ ಪ್ರೊಸೆಸರ್ ಇದೆಯೇ, ಯಾವ ಬಯೋಸ್ ಬೇಕು ಎಂಬುದನ್ನು ಓದಿ ಖಚಿತಪಡಿಸಿಕೊಂಡು, ಯುಪಿಎಸ್ ತುಂಬಿಸಿಟ್ಟುಕೊಂಡು ನಸುಕಿನಲ್ಲಿ ಆ ಕೆಲಸ ಮುಗಿಸಿದೆವು. ಪ್ರೊಸೆಸರನ್ನು ಬೇರೊಂದು ಯಂತ್ರದಲ್ಲಿ ನಡೆಸಿ ತೋರಿಸಿದ ಮೇಲೆಯೇ ಹಣ ಕೊಟ್ಟೆವು.

ಇನ್ನು ನಮ್ಮ ತಪ್ಪಿನ ಸಂಗತಿ. ಈ ಸಾಕೆಟ್ಟಿನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನಲ್ಲಿ, ಕೂದಲಿನಷ್ಟು ನವಿರು. ಮುಟ್ಟಲೇಬಾರದೆಂದು ಮೊಮ್ಮಗಳು ಹೇಳಿದ್ದಳು. ಅವಳು ಒಳಗೆ ಹೋದಾಗ ಹಳೆಯ ಪ್ರೊಸೆಸರನ್ನು ನಾವೇ ತೆಗೆದೆವು; ಅಂಚಿನಲ್ಲಿ ಧೂಳು ಕಂಡು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದೆವು. ಹೊಸದನ್ನು ಅದರ ಕಚ್ಚುಗಳಿಗೆ ಸರಿಯಾಗಿ, ಒತ್ತದೆ ಇಳಿಸಿ, ಸನ್ನೆಯನ್ನು ಮುಚ್ಚಿ, ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದಾಗಿ ಥರ್ಮಲ್ ಪೇಸ್ಟ್ ಇಟ್ಟು, ಧೂಳು ತೆಗೆದ ಹಳೆಯ ಫ್ಯಾನನ್ನೇ ಕೂಡಿಸಿದೆವು. ಯಂತ್ರ ಎದ್ದಿತು. ನಮಗೆ ಹಿಗ್ಗು. ಆದರೆ ಎಂಟು ಜಿಬಿಯ ಸ್ಮೃತಿಯಲ್ಲಿ ನಾಲ್ಕೇ ತೋರಿಸುತ್ತಿತ್ತು.

ಅವಳು ನಮ್ಮ ಮುಖ ನೋಡಿದಳು. ವಸ್ತ್ರದ ವಿಷಯವನ್ನು ನಾವು ಹೇಳಲಿಲ್ಲ. ರ‍್ಯಾಮಿನ ಪಟ್ಟಿಯೇ ಕೆಟ್ಟಿರಬೇಕೆಂದೆವು. ಅವಳು ಆ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿ ಒಂದು ತಾಸು ಕಳೆದಳು. ಎರಡೂ ಸರಿಯಾಗಿದ್ದವು. ನಲವತ್ತು ವರ್ಷ ವಿದ್ಯಾರ್ಥಿಗಳಿಗೆ ಸತ್ಯ ನುಡಿಯಿರೆಂದು ಬೋಧಿಸಿದ ನಾಲಿಗೆ ಹದಿನೆಂಟರ ಹುಡುಗಿಯ ಮುಂದೆ ಒಂದು ಸಣ್ಣ ತಪ್ಪನ್ನು ಒಪ್ಪಿಕೊಳ್ಳಲು ಅಷ್ಟು ತಡಮಾಡಿತು. ಕೊನೆಗೆ ಹೇಳಿದೆವು. "ಮದ್ಲ ಹೇಳಬೇಕಿಲ್ರಿ ಅಜ್ಜಾ" ಎಂದಳು, ಅಷ್ಟೆ. ಮತ್ತೆ ಬಿಚ್ಚಿದಳು. ಹಸ್ತಪ್ರತಿ ಓದಲು ನಾವು ಇಟ್ಟುಕೊಂಡಿದ್ದ ಭೂತಗನ್ನಡಿಯಲ್ಲಿ ನೋಡಿದರೆ ಒಂದು ಪಿನ್ನು ಬಾಗಿತ್ತು, ಅದರ ತುದಿಯಲ್ಲಿ ವಸ್ತ್ರದ ಎಳೆಯೊಂದಿತ್ತು. ನಾವು ಕನ್ನಡಿ ಹಿಡಿದೆವು. ಅವಳು ಹೊಲಿಗೆಯ ಸೂಜಿಯಿಂದ ಅದನ್ನು ಮೆಲ್ಲಗೆ ನೆಟ್ಟಗೆ ಮಾಡಿದಳು. ಪಿನ್ನು ಮುರಿದಿದ್ದರೆ ಬೋರ್ಡು ವ್ಯರ್ಥವಾಗುತ್ತಿತ್ತು. ಎಂಟು ಜಿಬಿ ಕಂಡಿತು.

ಒಟ್ಟು ಖರ್ಚು: ಎಸ್‌ಎಸ್‌ಡಿಗೆ ರೂ. 1,500, ರ‍್ಯಾಮಿಗೆ ರೂ. 900, ಪ್ರೊಸೆಸರಿಗೆ ರೂ. 1,800, ಪೇಸ್ಟಿಗೆ ರೂ. 150, ಎಲ್ಲ ಸೇರಿ ರೂ. 4,350. ಇದು ಅಂದು ನಾವು ಕೊಟ್ಟ ಬೆಲೆ, ಬೆಲೆಗಳು ಏರಿಳಿಯುತ್ತವೆ. ಎಂಟು ನಿಮಿಷದ ಹತ್ತು ಪುಟಗಳು ಎರಡು ನಿಮಿಷದೊಳಗೆ ಬರತೊಡಗಿದವು. ಕೋರುಗಳು ಎರಡರಿಂದ ನಾಲ್ಕಾದದ್ದು ಇದಕ್ಕೆ ಒಂದು ಕಾರಣ; ಇಂಥ ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡುವ ಎವಿಎಕ್ಸ್ ಎಂಬ ಸಾಮರ್ಥ್ಯ ಹಳೆಯ ಪೆಂಟಿಯಂನಲ್ಲಿ ಇಲ್ಲದೆ ಹೊಸದರಲ್ಲಿ ಇದ್ದದ್ದು ಇನ್ನೊಂದು. ಬೇಸಿಗೆಯಲ್ಲಿ ಭಾರದ ಕೆಲಸವನ್ನು ಅದಕ್ಕೆ ಬೆಳಗಿನ ತಂಪಿನಲ್ಲೇ ಕೊಡುತ್ತೇವೆ.

ಇದರ ಮಿತಿಯನ್ನೂ ಹೇಳಬೇಕು. ಈ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಮನ್ನಣೆಯಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾವು ಉಚಿತವಾದ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇವೆ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ನಡೆಯುತ್ತದೆ. ಹಣ ಹಾಕುವ ಮೊದಲು ಈ ವಿಚಾರ ಮಾಡಿಕೊಳ್ಳುವುದು ಒಳಿತು.

2024ರ ಬೇಸಿಗೆ ಮುಗಿಯುವ ಮುನ್ನ ಮೊದಲ ಪುಸ್ತಕವನ್ನು ದಪ್ಪಕ್ಷರದಲ್ಲಿ ಮುದ್ರಿಸಿಕೊಂಡು ತಿಕೋಟಾದ ಬಸ್ಸು ಹತ್ತಿದೆವು. ಗೆಳೆಯರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಪದವನ್ನು ಬಿಡಿಸಿ ಓದಿದರು. ನಾಲ್ಕನೆಯ ಪುಟದಲ್ಲಿ ನಿಂತರು. "ಮಾಸ್ತರ, ಇಲ್ಲಿ ಗುರುಗಳು ಹಿಂಗ ಬರದಿಲ್ಲೋ. ಅಪಧಾನ ಅಲ್ಲ, ಅವಧಾನ." ಯಂತ್ರ ವಕಾರವನ್ನು ಪಕಾರವೆಂದು ಓದಿತ್ತು, ನಾವೂ ತಿದ್ದದೆ ಬಿಟ್ಟಿದ್ದೆವು. ಅರ್ಧ ಶತಮಾನದ ಹಿಂದೆ ಕೇಳಿದ ಪಾಠ ಅವರಲ್ಲಿ ಇನ್ನೂ ಹಾಗೆಯೇ ಇತ್ತು.

ಅಂದಿನಿಂದ ಪ್ರತಿ ಪುಟವನ್ನೂ ನಾವು ಮೂಲದೊಡನೆ ಎರಡು ಸಲ ಹೋಲಿಸಿ ನೋಡುತ್ತೇವೆ. ಆ ಕೆಲಸ ಮಾತ್ರ ಹಿಂದಿನಷ್ಟೇ ನಿಧಾನ. ಎರಡು ಪುಸ್ತಕಗಳು ಮುಗಿದಿವೆ, ಮೂರನೆಯದು ನಡೆದಿದೆ. ಮೊಮ್ಮಗಳ ಶುಲ್ಕವನ್ನು ಸಕಾಲದಲ್ಲಿ ಕಟ್ಟಿದೆವು.