ಸಾಂಟೋರಿನಿಯ ಮೆಟ್ಟಿಲು ಯಾರಿಗೆ?

ಗ್ರೀಸ್ ದೇಶದ ದಕ್ಷಿಣಕ್ಕೆ, ಏಜಿಯನ್ ಸಮುದ್ರದಲ್ಲಿರುವ ಸಾಂಟೋರಿನಿಯನ್ನು ಹಡಗಿನಿಂದ ಮೊದಲ ಸಲ ನೋಡುವವರಿಗೆ ಅದು ದ್ವೀಪ ಎನ್ನಿಸುವುದಿಲ್ಲ. ನೀರಿನಿಂದ ನೆಟ್ಟಗೆ ಎದ್ದು ನಿಂತ ಗೋಡೆ ಎನ್ನಿಸುತ್ತದೆ. ಕಪ್ಪು, ಕೆಂಪು, ಬೂದು ಬಣ್ಣದ ಪದರಗಳ ಆ ಗೋಡೆಯ ನೆತ್ತಿಯ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಮನೆಗಳ ಸಾಲು. ಅದೇ ಫಿರಾ, ದ್ವೀಪದ ಮುಖ್ಯ ಪಟ್ಟಣ. ಹಡಗಿನ ಅಟ್ಟದ ಮೇಲೆ ಕಾಫಿ ಹೀರುತ್ತಾ ನೋಡುವಾಗ ಎಲ್ಲವೂ ಚಿತ್ರದಂತೆ ಚೆಂದ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಇಲ್ಲಿಗೆಂದೇ ಮಾಡಿರಬೇಕು.

ಈ ಗೋಡೆ ಹುಟ್ಟಿದ್ದು ಜ್ವಾಲಾಮುಖಿಯಿಂದ. ಸುಮಾರು 3,600 ವರ್ಷಗಳ ಹಿಂದೆ ನಡೆದ ಭಾರಿ ಸ್ಫೋಟದಲ್ಲಿ ದ್ವೀಪದ ನಡುಭಾಗ ಕುಸಿಯಿತು, ಸಮುದ್ರ ಒಳನುಗ್ಗಿತು. ಉಳಿದಿರುವುದು ಅರ್ಧಚಂದ್ರದಂಥ ಅಂಚು ಮಾತ್ರ. ಒಳಗಿನ ಕೊಲ್ಲಿ ಕೆಲವೆಡೆ 400 ಮೀಟರಿನ ಹತ್ತಿರದಷ್ಟು ಆಳ. ದೊಡ್ಡ ಹಡಗುಗಳು ಇಲ್ಲಿ ದಡಕ್ಕೆ ತಾಗುವಂತಿಲ್ಲ, ಹೆಚ್ಚಿನ ಕಡೆ ಲಂಗರು ಹಾಕುವಂತೆಯೂ ಇಲ್ಲ. ನೀರಿನಲ್ಲೇ ನಿಂತು ಪ್ರಯಾಣಿಕರನ್ನು ಸಣ್ಣ ದೋಣಿಗಳಿಗೆ ದಾಟಿಸುತ್ತವೆ.

ಸಾಂಟೋರಿನಿಯ ಮೊದಲ ಪರೀಕ್ಷೆ ಈ ದೋಣಿ. ಹಡಗಿನ ಬಾಗಿಲಿಗೂ ದೋಣಿಗೂ ನಡುವೆ ಅಂತರ ಒಂದು ಹೆಜ್ಜೆಯಷ್ಟೇ. ಆದರೆ ಅಲೆ ಎದ್ದಾಗ ಆ ಹೆಜ್ಜೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಸಿಬ್ಬಂದಿ ತೋಳು ಹಿಡಿದು ದಾಟಿಸುತ್ತಾರೆ, ನಿಜ. ಆದರೂ ತಾನಾಗಿಯೇ ಒಂದು ಹೆಜ್ಜೆ ಇಡಲಾಗದವರನ್ನು, ಗಾಲಿಕುರ್ಚಿಯಿಂದ ಏಳಲಾಗದವರನ್ನು, ಗಾಳಿ ಜೋರಿದ್ದ ದಿನ ದೋಣಿಗೆ ಬಿಡದಿರುವುದು ಉಂಟು. ಇದನ್ನು ಅವಮಾನವೆಂದು ಭಾವಿಸಿ ಜಗಳಕ್ಕೆ ನಿಲ್ಲುವವರಿದ್ದಾರೆ. ಸಮುದ್ರಕ್ಕೆ ಟಿಕೆಟ್ಟಿನ ಬೆಲೆ ಗೊತ್ತಿಲ್ಲ, ಏನು ಮಾಡುವುದು!

ಹಳೆಯ ಬಂದರಿನಲ್ಲಿ ಇಳಿದವರಿಗೆ ಮೇಲಕ್ಕೆ ಮೂರು ದಾರಿ: ಕೇಬಲ್ ಕಾರ್, ಹೇಸರಗತ್ತೆ, ಅಥವಾ ಸ್ವಂತ ಕಾಲು.

ಕಾಲುದಾರಿಗೆ 588 ಮೆಟ್ಟಿಲು ಎಂದು ಲೆಕ್ಕ. ಒಂದೆರಡು ಹೆಚ್ಚುಕಡಿಮೆ ಹೇಳುವವರೂ ಇದ್ದಾರೆ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹತ್ತಿದವರು 'ಇಷ್ಟೇನಾ' ಎಂದು ನಕ್ಕುಬಿಡಬಹುದು. ಆದರೆ ಶಾಲೆಯ ಹುಡುಗರು ಒಂದು ಭಾಗಾಕಾರ ಮಾಡಿ ನೋಡಲಿ. ಬಂದರಿನಿಂದ ಪಟ್ಟಣಕ್ಕೆ ಎತ್ತರ ಸುಮಾರು 220 ಮೀಟರು. ಅದನ್ನು 588ರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲಿಗೆ 37 ಸೆಂಟಿಮೀಟರಿನಷ್ಟು ಏರಿಕೆ ಬರುತ್ತದೆ. ಮನೆಯ ಮೆಟ್ಟಿಲಿನ ಎತ್ತರ ಹದಿನೇಳರ ಆಸುಪಾಸು. ಹಾಗಾದರೆ ಅಲ್ಲಿನವು ರಾಕ್ಷಸರ ಮೆಟ್ಟಿಲುಗಳೇ? ಅಲ್ಲ. ಅವು ಅಗಲವಾದ, ಇಳಿಜಾರಾದ ಹಾಸುಗಳು. ಒಂದು ಮೆಟ್ಟಿಲು ಹತ್ತಿ, ನಾಲ್ಕು ಹೆಜ್ಜೆ ಏರುದಾರಿ ನಡೆದು, ಮುಂದಿನ ಮೆಟ್ಟಿಲು ಹತ್ತಬೇಕು. ಮನೆಯ ಮೆಟ್ಟಿಲಿನ ಲೆಕ್ಕಕ್ಕೆ ತಂದರೆ ಅದು 588 ಅಲ್ಲ, ಸುಮಾರು 1,300. ಎಪ್ಪತ್ತು ಮಹಡಿಯ ಕಟ್ಟಡವನ್ನು ಲಿಫ್ಟ್ ಇಲ್ಲದೆ ಹತ್ತಿದ ಹಾಗೆ. ಪುಸ್ತಿಕೆಯಲ್ಲಿ ಅಚ್ಚಾದ ಸಂಖ್ಯೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಹತ್ತುವುದು ಎದೆಯ ಪರೀಕ್ಷೆಯಾದರೆ ಇಳಿಯುವುದು ಮಂಡಿಯ ಪರೀಕ್ಷೆ. ಕಾಲಾಂತರದಲ್ಲಿ ಸವೆದು ನುಣುಪಾದ ಕಲ್ಲು, ಅದರ ಮೇಲೆ ಪ್ರಾಣಿಗಳ ಲದ್ದಿ, ಎದುರಿನಿಂದ ಸಾಲಾಗಿ ಬರುವ ಹೇಸರಗತ್ತೆಗಳು. ನೆರಳು ಕಡಿಮೆ. ಹದಿನೈದರ ಹುಡುಗ ಓಡುತ್ತಾ ಇಳಿದಾನು. ಅವನ ಹಿಂದೆ ಬರುವ ಅಜ್ಜನಿಗೆ ಅದೇ ದಾರಿ ಬೇರೆಯೇ. ನಡುವೆ ಸಾಕೆನಿಸಿದರೆ ಹತ್ತಲು ಬಸ್ಸಿಲ್ಲ, ಆಟೋ ಇಲ್ಲ.

ಇನ್ನು ಹೇಸರಗತ್ತೆಯ ಸವಾರಿ. ಕೇಬಲ್ ಕಾರ್ ಬರುವ ಮೊದಲು ಸಾಮಾನು ಸರಂಜಾಮೆಲ್ಲ ಮೇಲೇರಿದ್ದು ಇವುಗಳ ಬೆನ್ನಿನ ಮೇಲೆ. ಈಗ ಹೊರುವುದು ಹೆಚ್ಚಾಗಿ ಪ್ರವಾಸಿಗರನ್ನು. ಬಿಸಿಲಿನಲ್ಲಿ ದಿನವಿಡೀ ಭಾರ ಹೊತ್ತು ಸೊರಗುವ ಪ್ರಾಣಿಗಳ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದು ಗಲಾಟೆಯಾದ ಮೇಲೆ, 2018ರಲ್ಲಿ ಗ್ರೀಸ್ ಸರ್ಕಾರ ಒಂದು ನಿಯಮ ಹೊರಡಿಸಿತು. ಇಂಥ ಪ್ರಾಣಿಯ ಮೇಲೆ 100 ಕಿಲೋಗ್ರಾಂ, ಅಥವಾ ಅದರ ದೇಹತೂಕದ ಐದನೆಯ ಒಂದು ಪಾಲು, ಇದನ್ನು ಮೀರಿ ಹೊರಿಸಬಾರದು. ಜನರಿಗೆ ನೆನಪಿನಲ್ಲಿ ಉಳಿದದ್ದು ನೂರು ಎಂಬ ದುಂಡು ಸಂಖ್ಯೆ ಮಾತ್ರ. ಐದನೆಯ ಒಂದು ಪಾಲು ಎಂಬುದೇ ನಿಜವಾದ ಕಟ್ಟುಪಾಡು. 300 ಕಿಲೋ ತೂಗುವ ಪ್ರಾಣಿಗೆ ಅದರಂತೆ 60 ಕಿಲೋ ಮಾತ್ರ. 70 ಕಿಲೋ ತೂಕದವರು, ತಮ್ಮನ್ನು ದಪ್ಪ ಎಂದು ಯಾರೂ ಕರೆಯದವರು, ಹತ್ತಬೇಕಾದರೆ ಪ್ರಾಣಿ 350 ಕಿಲೋ ಇರಬೇಕು. ಜೊತೆಗೆ ಜೀನಿನ ತೂಕ ಬೇರೆ.

ತೂಕದ ಮಿತಿ ಎಂದೊಡನೆ ಜನ ಮುಖ ಸಿಂಡರಿಸುತ್ತಾರೆ. ಆದರೆ ಅದು ಸವಾರನ ಮೈಕಟ್ಟಿನ ಬಗ್ಗೆ ಆಡಿದ ಮಾತಲ್ಲ, ಹೊರುವುದರ ಬಗ್ಗೆ ಆಡಿದ್ದು. ಅಲಾಸ್ಕಾದ ಜೂನೋ ಬಂದರಿನಲ್ಲಿ ಹಿಮನದಿಯ ಮೇಲೆ ಇಳಿಸುವ ಹೆಲಿಕಾಪ್ಟರಿಗೆ ಹತ್ತುವ ಮುನ್ನ ತೂಕದ ಲೆಕ್ಕ ತೆಗೆದುಕೊಳ್ಳುವುದು ಯಂತ್ರದ ಸಮತೋಲ ಕಾಯಲಿಕ್ಕೆ. ಹಗ್ಗದ ಮೇಲೆ ಜಾರುವ ಆಟಗಳಲ್ಲಿ ತೀರಾ ಹಗುರವಾದ ಮಕ್ಕಳನ್ನೂ ಬಿಡುವುದಿಲ್ಲ, ಏಕೆಂದರೆ ಸೊಂಟದ ಪಟ್ಟಿ ಅವರಿಗೆ ಬಿಗಿಯಾಗಿ ಕೂರಬೇಕಲ್ಲ. ಕೂಸುಗಳ ವಿಷಯವೂ ಹೀಗೆಯೇ. 6 ತಿಂಗಳು ತುಂಬದ ಕೂಸನ್ನು ಹಲವು ಕಂಪನಿಗಳು ಹಡಗಿಗೇ ಹತ್ತಿಸಿಕೊಳ್ಳುವುದಿಲ್ಲ, ಮಹಾಸಾಗರ ದಾಟುವ ಯಾನಕ್ಕಾದರೆ ಸಾಮಾನ್ಯವಾಗಿ 12 ತಿಂಗಳು ಕೇಳುತ್ತಾರೆ. ನಡುಸಮುದ್ರದಲ್ಲಿ ಮಕ್ಕಳ ಆಸ್ಪತ್ರೆ ಎಲ್ಲಿ ಹುಡುಕುವುದು?

ಮೂರನೆಯ ದಾರಿ ಕೇಬಲ್ ಕಾರ್. ಹಡಗು ಮಾಲೀಕರಾಗಿದ್ದ ನೋಮಿಕೋಸ್ ದಂಪತಿಯ ಹೆಸರಿನ ಪ್ರತಿಷ್ಠಾನ ದ್ವೀಪಕ್ಕೆ ಕೊಟ್ಟ ಕಾಣಿಕೆ ಇದು. ಹೇಸರಗತ್ತೆಯವರ ಹೊಟ್ಟೆಪಾಡು ಕೆಡಬಾರದೆಂದು ಆದಾಯದಲ್ಲಿ ಅವರಿಗೂ ಪಾಲು ಇಟ್ಟಿದ್ದಾರೆ. ಮೇಲೇರಲು ಮೂರೇ ನಿಮಿಷ. ಮಂಡಿನೋವಿನವರಿಗೆ, ಎಳೆಯ ಮಕ್ಕಳಿಗೆ ಇದಕ್ಕಿಂತ ಬೇರೆ ಉಪಾಯವಿಲ್ಲ. ತೊಡಕಿರುವುದು ಸರದಿಯಲ್ಲಿ. ಒಂದು ಸಲಕ್ಕೆ ಆರು ಡಬ್ಬಿ, ಡಬ್ಬಿಗೆ ಆರು ಜನ, ಒಟ್ಟು 36. ಮೂರು ಸಾವಿರ ಜನರಿರುವ ಒಂದೇ ಹಡಗಿನವರು ಸಂಜೆ ಒಟ್ಟಿಗೆ ಇಳಿಯಲು ನಿಂತರೆ 84 ಸುತ್ತು ಬೇಕು. ಸುತ್ತಿಗೆ ಮೂರು ನಿಮಿಷದಂತೆ ಹಿಡಿದರೂ ನಾಲ್ಕು ಗಂಟೆ ದಾಟುತ್ತದೆ. ಕೊಲ್ಲಿಯಲ್ಲಿ ಇಂಥ ಮೂರು ನಾಲ್ಕು ಹಡಗು ನಿಂತ ದಿನ ಏನಾಗಬಹುದೆಂದು ಊಹಿಸಬಹುದು. ಈ ನೂಕುನುಗ್ಗಲಿಗೆ ಬೇಸತ್ತೇ 2025ರಿಂದ ದಿನಕ್ಕೆ 8,000 ಹಡಗು ಪ್ರಯಾಣಿಕರು ಎಂಬ ಮಿತಿಯನ್ನು ಗೊತ್ತುಮಾಡಿದ್ದು.

ಇಲ್ಲೊಂದು ಸೂಕ್ಷ್ಮವಿದೆ. ಹಡಗಿನ ಕಂಪನಿಯೇ ಏರ್ಪಡಿಸುವ ದಡದ ಪ್ರವಾಸ ಕೊಂಡವರನ್ನು ಸಾಮಾನ್ಯವಾಗಿ ಹಳೆಯ ಬಂದರಿಗೆ ಅಲ್ಲ, ಅಥಿನಿಯೋಸ್ ಎಂಬ ಇನ್ನೊಂದು ಬಂದರಿಗೆ ಕರೆದೊಯ್ಯುತ್ತಾರೆ. ಅಲ್ಲಿಂದ ಅಂಕುಡೊಂಕಿನ ರಸ್ತೆಯಲ್ಲಿ ಬಸ್ಸು ಮೇಲೇರುತ್ತದೆ. ಪುಸ್ತಿಕೆಯಲ್ಲಿ ಅದಕ್ಕೆ 'ಸುಲಭ' ಅಥವಾ 'ಸಾಧಾರಣ' ಎಂಬ ಗುರುತು. ದಿನವೆಲ್ಲ ಸುತ್ತಿಸಿ ಕೊನೆಗೆ ಫಿರಾದಲ್ಲಿ ಬಿಡುತ್ತಾರೆ, ಕೈಗೊಂದು ಕೇಬಲ್ ಕಾರ್ ಚೀಟಿ ಕೊಡುತ್ತಾರೆ. ಅಲ್ಲಿಂದ ಇಳಿಯುವುದು ಅವರವರ ಪಾಡು. ಬೆಳಿಗ್ಗೆ ಬಸ್ಸಿನಲ್ಲಿ ಹಾಯಾಗಿ ಬಂದ ಅಜ್ಜಿ ಸಂಜೆ ಬಿಸಿಲಿನಲ್ಲಿ ಒಂದೂವರೆ ಗಂಟೆ ನಿಲ್ಲಬೇಕಾದೀತು. ಹಡಗು ಹೊರಡುವ ಹೊತ್ತು ಹತ್ತಿರವಾದಂತೆ ಜನ ಸರದಿ ಬಿಟ್ಟು ಮೆಟ್ಟಿಲಿನ ಕಡೆ ತಿರುಗುತ್ತಾರೆ. ಬೆಳಿಗ್ಗೆ 'ನನ್ನಿಂದಾಗದು' ಎಂದು ದೂರವಿಟ್ಟ ಮೆಟ್ಟಿಲನ್ನೇ ದಣಿದ ಕಾಲಿನಲ್ಲಿ, ಗಾಬರಿಯಲ್ಲಿ, ಇಳಿಯುವುದು ಹೀಗೆ. 'ಸುಲಭ' ಎಂಬ ಗುರುತು ನಡಿಗೆಯನ್ನು ಅಳೆಯುತ್ತದೆ, ಕಾಯುವುದನ್ನು ಅಳೆಯುವುದಿಲ್ಲ.

ವಯಸ್ಸಿನ ಲೆಕ್ಕ ಕೈಕೊಡುವ ಇನ್ನೊಂದು ಜಾಗ ಕೊಲ್ಲಿಯ ನಡುವಿನ ಪಲೇಯಾ ಕಮೇನಿ. ಅಲ್ಲಿನ ಬಿಸಿನೀರಿನ ಬುಗ್ಗೆಗೆ ದೋಣಿ ಪೂರ್ತಿ ಹೋಗುವುದಿಲ್ಲ. ಆಳವಾದ ತಣ್ಣೀರಿಗೆ ಧುಮುಕಿ ಈಜಿಕೊಂಡು ಹೋಗಬೇಕು, ಈಜಿಕೊಂಡೇ ಮರಳಿ ದೋಣಿ ಹತ್ತಬೇಕು. ಎಪ್ಪತ್ತು ವರ್ಷದ ಈಜುಗಾರನಿಗೆ ಅದು ಆಟ. ಈಜು ಬಾರದ ಇಪ್ಪತ್ತರ ತರುಣನಿಗೆ ಅಪಾಯ. ಗೆಳೆಯರೆಲ್ಲ ಹಾರಿದರೆಂದು ಹಾರುವ ವಯಸ್ಸೂ ಅದೇ ತಾನೇ. ಮಕ್ಕಳಿಗೆ ಬಾವಿಯಲ್ಲೋ ಕೊಳದಲ್ಲೋ ಈಜು ಕಲಿಸದೆ ಹಡಗಿನ ಪ್ರವಾಸಕ್ಕೆ ಕರೆತರುವ ತಂದೆತಾಯಿಗಳು ಈ ಒಂದು ಪ್ರವಾಸವನ್ನು ಮುಲಾಜಿಲ್ಲದೆ ಬಿಟ್ಟುಬಿಡಬೇಕು.

ಪಕ್ಕದಲ್ಲೇ ನೇಯಾ ಕಮೇನಿ, ಕೊನೆಯದಾಗಿ 1950ರಲ್ಲಿ ಉಗುಳಿದ ಜ್ವಾಲಾಮುಖಿ. ಜಾರುವ ಕರಿಗಲ್ಲಿನ ಪುಡಿಯ ಮೇಲೆ ಅರ್ಧ ಗಂಟೆ ಹತ್ತಿದರೆ ಬಾಯಿ ಸಿಗುತ್ತದೆ. ಒಂದು ಮರವಿಲ್ಲ. ಮುಚ್ಚಿದ ಬೂಟು, ನೀರು, ಟೋಪಿ ಇದ್ದರೆ ಹೈಸ್ಕೂಲು ಹುಡುಗರಿಗೆ ಭೂಗೋಳದ ಪಾಠ ಕಣ್ಣೆದುರಿಗೇ. ಆದರೆ ಜ್ವಾಲಾಮುಖಿಯ ಮೇಲಿನ ಪ್ರವಾಸಕ್ಕೆ ಹತ್ತುವವರ ದೇಹಶಕ್ತಿಯೊಂದೇ ಅರ್ಹತೆಯಲ್ಲ. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ಫಕಾರಿ, ಅಂದರೆ ವೈಟ್ ಐಲೆಂಡ್, ಸಿಡಿದಾಗ ಅದರ ಮೇಲೆ 47 ಜನರಿದ್ದರು. ಅವರಲ್ಲಿ 38 ಮಂದಿ ಒಂದೇ ವಿಹಾರ ನೌಕೆಯಿಂದ ದಡದ ಪ್ರವಾಸಕ್ಕೆ ಬಂದವರು. 22 ಜನ ಸತ್ತರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳೂ ಅವರಲ್ಲಿದ್ದರು. ಅವರ ಕಾಲುಗಳಲ್ಲಿ ಕೊರತೆ ಇರಲಿಲ್ಲ. ಮೂರು ವಾರಗಳ ಹಿಂದೆಯೇ ಆ ಪರ್ವತದ ಎಚ್ಚರಿಕೆಯ ಮಟ್ಟವನ್ನು ವಿಜ್ಞಾನಿಗಳು ಏರಿಸಿದ್ದರು. ಯಾತ್ರಿಕರ ಅರ್ಹತೆಯನ್ನು ಕೇಳುವ ಪುಸ್ತಿಕೆ ಪರ್ವತದ ಸ್ಥಿತಿಯನ್ನು ಹೇಳದಿದ್ದರೆ ಕೊಳ್ಳುವವರೇ ಕೇಳಬೇಕಾಗುತ್ತದೆ. ಸಾಂಟೋರಿನಿಯಲ್ಲೂ 2025ರ ಜನವರಿ, ಫೆಬ್ರವರಿಯಲ್ಲಿ ಭೂಮಿ ಎಡೆಬಿಡದೆ ನಡುಗಿ, ಸಾವಿರಾರು ಜನ ದ್ವೀಪ ಬಿಟ್ಟು ಹೋಗಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ, ಹತ್ತಲಾಗದವರಿಗೆ ಸಾಂಟೋರಿನಿಯಲ್ಲಿ ಏನಿದೆ ಎಂಬ ಪ್ರಶ್ನೆ ಬರುತ್ತದೆ. ಇದೆ, ಅದೂ ದ್ವೀಪದ ಬಹುದೊಡ್ಡ ಸೊತ್ತು. ದಕ್ಷಿಣ ತುದಿಯ ಅಕ್ರೋಟಿರಿಯಲ್ಲಿ 1967ರಿಂದ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ ಅಗೆಸಿ ತೆಗೆದ ಕಂಚಿನ ಯುಗದ ಪಟ್ಟಣ, ಆ ಮಹಾಸ್ಫೋಟದ ಬೂದಿಯಡಿ ಹುದುಗಿದ್ದದ್ದು. ಮಹಡಿ ಮನೆಗಳು, ಕಲ್ಲು ಹಾಸಿದ ಬೀದಿ, ಬೀದಿಯಡಿ ಚರಂಡಿ, ಸಾಲಾಗಿ ಇಟ್ಟ ದೊಡ್ಡ ವಾಡೆಗಳು. ಮನುಷ್ಯರ ಅಸ್ಥಿ ಮಾತ್ರ ಸಿಗಲಿಲ್ಲ. ಮುನ್ಸೂಚನೆಯ ನಡುಕಕ್ಕೆ ಹೆದರಿ ಊರಿನವರು ಮೊದಲೇ ಹೊರಟುಹೋಗಿರಬೇಕೆಂದು ವಿದ್ವಾಂಸರ ಊಹೆ. 2005ರಲ್ಲಿ ಇದರ ಚಾವಣಿಯ ಒಂದು ಭಾಗ ಕುಸಿದು ಪ್ರವಾಸಿಯೊಬ್ಬರು ಸತ್ತರು. ವರ್ಷಗಟ್ಟಲೆ ಮುಚ್ಚಿ, ಹೊಸ ಚಾವಣಿ ಕಟ್ಟಿ, 2012ರಲ್ಲಿ ಮತ್ತೆ ತೆರೆದರು. ಈಗ ಎಲ್ಲವೂ ನೆರಳಿನಡಿ. ಇಳಿಜಾರು ಹಾದಿಗಳ ಮೇಲೆ ಊರುಗೋಲಿನವರೂ ನಿಧಾನವಾಗಿ ನೋಡಿಬರಬಹುದು. ಜ್ವಾಲಾಮುಖಿ ಹತ್ತಿದ ಮೊಮ್ಮಗನಿಗಿಂತ ಅಕ್ರೋಟಿರಿ ನೋಡಿದ ಅಜ್ಜಿಯೇ ರಾತ್ರಿ ಊಟದ ಮೇಜಿನಲ್ಲಿ ಹೆಚ್ಚು ಕಥೆ ಹೇಳಬಹುದು.

ಪ್ರವಾಸ ಕಾದಿರಿಸುವ ಮುನ್ನ ಕೇಳಬೇಕಾದದ್ದು ವಯಸ್ಸಿನ ಮಿತಿ ಎಷ್ಟು ಎಂದಷ್ಟೇ ಅಲ್ಲ. ದೋಣಿ ಇದೆಯೇ, ಮೆಟ್ಟಿಲು ಎಷ್ಟು, ಎತ್ತರ ಎಷ್ಟು ಮೀಟರು, ನಡುವೆ ಬಿಟ್ಟು ಹಿಂದಿರುಗಬಹುದೇ, ಮರಳುವುದು ಹೇಗೆ, ಶೌಚಾಲಯ ಎಲ್ಲಿ. ಕಂಪನಿಯ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತವಾಗಿ ಸುತ್ತಲು ಹೋದವರಿಗೆ ಕಾಯುವುದಿಲ್ಲ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಿನಲ್ಲಿ ಬರುವುದು ಒಂದು ಅನುಕೂಲ. ಜುಲೈ, ಆಗಸ್ಟ್‌ನ ಉರಿಬಿಸಿಲು ಅಲ್ಲಿಗೆ ಆಗಿನ್ನೂ ಬಂದಿರುವುದಿಲ್ಲ. ಫಿರಾದಿಂದ ಇಳಿಯುವವರು ಕೊನೆಯ ದೋಣಿಗೆ ಎರಡು ಗಂಟೆ ಮೊದಲೇ ಕೇಬಲ್ ಕಾರಿನ ಸರದಿಗೆ ಬಂದು ನಿಂತರೆ ಒಳ್ಳೆಯದು.